ಬೋರ್‌ವೆಲ್ ಸ್ಟಾರ್ಟರ್ ಟೈಮರ್: ಟ್ರಾನ್ಸಿಸ್ಟರ್ ಬದಲಿಸಿದರೂ ರಿಲೇ ಎಳೆಯುತ್ತಿಲ್ಲ

ತೋಟದಮನೆ:
ಕರೆಂಟ್ ಬಂದು ಎರಡು ನಿಮಿಷ ಬಿಟ್ಟು ಮೋಟಾರ್ ಆನ್ ಮಾಡುವ ಬೋರ್ಡ್. ಸಮಯ ಎಣಿಸುವ ಸಿಡಿ4060 ಐಸಿ, ಕಾಯಿಲ್‌ನಿಂದ ಸ್ವಿಚ್ ಎಳೆಯುವ 12 ವೋಲ್ಟ್ ರಿಲೇ (ಕಾಯಿಲ್ 400 ಓಮ್), ನಡುವೆ ರಿಲೇ ಆನ್ ಮಾಡುವ ಟ್ರಾನ್ಸಿಸ್ಟರ್ ಬಿಸಿ547. ಕರೆಂಟ್ ಬಂದ ತಕ್ಷಣವೇ ರಿಲೇ ಎಳೆಯುತ್ತಿತ್ತು. ನೋಡಿದರೆ ಬಿಸಿ547 ಕಲೆಕ್ಟರ್-ಎಮಿಟರ್ ಶಾರ್ಟ್. ಅಂಗಡಿಯಲ್ಲಿ ಅದರ ಬದಲು ಸಿ1815 ಕೊಟ್ಟರು. ಚಪ್ಪಟೆ ಮುಖ ಮೊದಲಿದ್ದ ಕಡೆಗೇ ಇಟ್ಟು ಬೆಸುಗೆ ಹಾಕಿದೆ. ಈಗ ರಿಲೇ ಎಳೆಯುವುದೇ ಇಲ್ಲ. ಟೈಮ್ ಆದಮೇಲೆ 4060 ಔಟ್‌ಪುಟ್ 11 ವೋಲ್ಟ್‌ಗೆ ಏರುತ್ತೆ, ಆದರೆ ಕಲೆಕ್ಟರ್ ತೂತಿನಲ್ಲಿ ಯಾವಾಗಲೂ 8 ವೋಲ್ಟ್. ಇದೂ ಡೂಪ್ಲಿಕೇಟ್ ಪೀಸಾ?

ರಿಲೇಪ್ರಿಯ:
ಪೀಸ್ ಅಸಲಿಯೇ ಇರಬಹುದು, ಕಾಲು ಅದಲುಬದಲು. ಚಪ್ಪಟೆ ಮುಖ ನಿಮ್ಮ ಕಡೆ ಇಟ್ಟರೆ ಬಿಸಿ547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಸಿ1815ರಲ್ಲಿ ಎಮಿಟರ್, ಕಲೆಕ್ಟರ್, ಬೇಸ್. ಹಾಗಾಗಿ ಈಗ ಎಮಿಟರ್ ಕಾಯಿಲ್‌ಗೆ, ಬೇಸ್ ಗ್ರೌಂಡ್‌ಗೆ ಸೇರಿದೆ. ಎಮಿಟರ್-ಬೇಸ್ ಜಂಕ್ಷನ್ ಉಲ್ಟಾ ದಿಕ್ಕಿನಲ್ಲಿ 5 ವೋಲ್ಟ್‌ಗಷ್ಟೇ ಗ್ಯಾರಂಟಿ. ಏಳೆಂಟು ವೋಲ್ಟ್‌ಗೆ ಝೀನರ್ ಡಯೋಡ್ ಥರ ಬ್ರೇಕ್‌ಡೌನ್ ಆಗುತ್ತೆ, ಅಂದರೆ ಉಲ್ಟಾ ಕರೆಂಟ್ ಬಿಡುತ್ತೆ. ನಿಮ್ಮ 8 ವೋಲ್ಟ್ ಅದೇ. ಕಾಯಿಲ್‌ನಲ್ಲಿ ಹರಿಯುವುದು 10 ಮಿಲಿಆಂಪ್ ಮಾತ್ರ, ಅಷ್ಟಕ್ಕೆ ರಿಲೇ ಎಳೆಯಲ್ಲ.

180 ಡಿಗ್ರಿ ತಿರುಗಿಸಿದರೂ ಸರಿಹೋಗಲ್ಲ, ಬೇಸ್ ನಡುವಿನ ಕಾಲೇ ಅಲ್ಲವಲ್ಲ. ಬಿಸಿ547 ಅಥವಾ ಬಿಸಿ337 ಹಾಕಿ, ಎರಡರದೂ ಅದೇ ಕ್ರಮ. ಆ ಸಿ1815 ಎಸೆದುಬಿಡಿ. ಹೀಗೆ ಜಂಕ್ಷನ್ ಬ್ರೇಕ್‌ಡೌನ್‌ನಲ್ಲಿ ಓಡಿದ ಟ್ರಾನ್ಸಿಸ್ಟರ್‌ನ ಗೇನ್ (ಕರೆಂಟ್ ವರ್ಧಿಸುವ ಶಕ್ತಿ) ಕುಸಿದಿರುತ್ತೆ, ಮಲ್ಟಿಮೀಟರ್ ಡಯೋಡ್ ಮೋಡ್‌ನಲ್ಲಿ ಮಾತ್ರ ಚೆನ್ನಾಗಿಯೇ ಕಾಣುತ್ತೆ.

ಬೆಸುಗೆ_ಬಾಕ್ಸ್:
ಮೊದಲಿನದು ಯಾಕೆ ಹೋಯಿತು ಅಂತ ನೋಡದೆ ಹೊಸದು ಹಾಕಬೇಡಿ. 400 ಓಮ್ ಕಾಯಿಲ್ ಅಂದರೆ 30 ಮಿಲಿಆಂಪ್. 100 ಮಿಲಿಆಂಪ್ ತಡೆಯುವ ಬಿಸಿ547 ಆ ಲೋಡ್‌ಗೆ ಸಾಯಲ್ಲ. ರಿಲೇ ಬಿಡುವಾಗ ಕಾಯಿಲ್ ಒದೆಯುವ ವೋಲ್ಟೇಜ್ ಅದರ 45 ವೋಲ್ಟ್ ಮಿತಿ ದಾಟಿದೆ. ಅಂದರೆ ಆ ಒದೆತ ಹೀರಲು ಕಾಯಿಲ್‌ಗೆ ಅಡ್ಡ ಇರುವ 1ಎನ್4007 ಡಯೋಡ್ ಓಪನ್, ಇಲ್ಲವೇ ಅದರ ಬೆಸುಗೆ ಬಿರುಕು. ರಿಲೇ ಬಡಿತಕ್ಕೆ ಅದರ ಅಕ್ಕಪಕ್ಕದ ಬೆಸುಗೆಯೇ ಮೊದಲು ಬಿಡೋದು. ಡಯೋಡನ್ನು ಬೋರ್ಡ್ ಮೇಲೇ ಅಳೆದರೆ ಕಾಯಿಲ್ ದಾರಿ ತಪ್ಪಿಸುತ್ತೆ, ಒಂದು ಕಾಲು ಎತ್ತಿ ಅಳೆಯಿರಿ: ಒಂದು ಕಡೆ 0.5–0.7 ವೋಲ್ಟ್, ಇನ್ನೊಂದು ಕಡೆ ಓಪನ್. ಪಟ್ಟಿ ಇರುವ ತುದಿ +12ಕ್ಕೆ. ಉಲ್ಟಾ ಹಾಕಿದರೆ ಟ್ರಾನ್ಸಿಸ್ಟರ್ ಆನ್ ಆದ ಕೂಡಲೇ ಸಪ್ಲೈ ನೇರ ಶಾರ್ಟ್.

ರಿಲೇಪ್ರಿಯ:
ಇನ್ನೊಂದು ಮಾತು. ಬೋರ್ಡ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲದೆ ಬರೀ ದಪ್ಪ ಕೆಪಾಸಿಟರ್ ಇದ್ದರೆ ಅದರ ಗ್ರೌಂಡೂ ಮೇನ್ಸೇ, ಮುಟ್ಟಿದರೆ ಹೊಡೆಯುತ್ತೆ. ಮೇನ್ಸ್ ಪೂರ್ತಿ ಬಿಚ್ಚಿ, ಫಿಲ್ಟರ್ ಕೆಪಾಸಿಟರ್‌ಗೆ 12 ವೋಲ್ಟ್ ಎಸ್‌ಎಂಪಿಎಸ್ ಅಡಾಪ್ಟರ್ ಕೊಟ್ಟು ಟೆಸ್ಟ್ ಮಾಡಿ. ಎರಡು ನಿಮಿಷ ಕಾಯಬೇಕಿಲ್ಲ, +12ರಿಂದ ಬೇಸ್‌ಗೆ 10 ಕೆ ರೆಸಿಸ್ಟರ್ ಮುಟ್ಟಿಸಿದರೆ ರಿಲೇ ಟಕ್ ಅನ್ನಬೇಕು, ಕಲೆಕ್ಟರ್ 0.2 ವೋಲ್ಟ್ ಆಸುಪಾಸಿಗೆ ಇಳಿಯಬೇಕು. ಹೀಗೆ ಇಳಿದು, ಟೈಮ್ ಆದಮೇಲೆ ತಾನಾಗಿ ಎಳೆದಾಗ ಮಾತ್ರ 1 ವೋಲ್ಟ್‌ಗಿಂತ ಮೇಲೆ ನಿಂತರೆ ಬೋರ್ಡ್‌ನ ಬೇಸ್ ರೆಸಿಸ್ಟರ್ ಅಳೆಯಿರಿ, ಬೆಲೆ ಏರಿರುತ್ತೆ.