ಇಂಗ್ಲಿಷ್ ಬಾರದ ಅಜ್ಜಿಯನ್ನು ಕೂರಿಸಿಕೊಂಡು ಟೊಟೊರೊ ನೋಡೋದು ಹೇಗೆ?

ಮೂಡಿಗೆರೆ_ಮಳೆಹುಳ:

ನಮಸ್ಕಾರ. ನನಗೆ ಅನಿಮೇಷನ್ ಸಿನಿಮಾ ಅಂದ್ರೆ ಹುಚ್ಚು, ಅದರಲ್ಲೂ ಜಪಾನಿನ ನಿರ್ದೇಶಕ ಮಿಯಾಜಾಕಿಯ 'ಮೈ ನೇಬರ್ ಟೊಟೊರೊ' ಅಂದ್ರೆ ಒಂದು ಕೈ ಜಾಸ್ತಿ. 1988ರ ಸಿನಿಮಾ. ಹಾಸನದ ಹಾಸ್ಟೆಲಿನಲ್ಲಿದ್ದಾಗ ಗೆಳತಿಯ ಲ್ಯಾಪ್‌ಟಾಪಿನಲ್ಲಿ ಮೊದಲು ನೋಡಿದ್ದು, ಆಮೇಲೆ ಎಷ್ಟು ಸಲ ನೋಡಿದೆನೋ ಲೆಕ್ಕ ಇಟ್ಟಿಲ್ಲ. ಮನೆಯವರ ಜೊತೆ ಒಂದೇ ಒಂದು ಸಲ ಕೂತು ನೋಡಬೇಕು ಅಂತ ಆಸೆ.

ಹೋದ ದೀಪಾವಳಿಗೆ ಇಂಗ್ಲಿಷ್ ಡಬ್ ಹಾಕಿ ಕೆಟ್ಟೆ. ಅಜ್ಜಿಗೆ (ಮಾವನವರ ಅಮ್ಮ) ಕನ್ನಡ ಬಿಟ್ಟು ಬೇರೆ ಬರಲ್ಲ. ಮಾವ ಐದು ನಿಮಿಷ ನೋಡಿ 'ಇದು ಮಕ್ಕಳದ್ದಲ್ವಾ' ಅಂತ ಕಾಳುಮೆಣಸಿನ ರೇಟು ನೋಡೋಕೆ ಫೋನ್ ತೆಗೆದರು. ನಮ್ಮ ಯಜಮಾನರು ಸಹಾಯ ಮಾಡ್ತೀನಿ ಅಂತ ಒಂದೊಂದು ಸಬ್‌ಟೈಟಲನ್ನೂ ಕನ್ನಡಕ್ಕೆ ತಿರುಗಿಸಿ ವಾರ್ತೆ ಓದಿದ ಹಾಗೆ ಓದತೊಡಗಿದರು. ಅಜ್ಜಿ 'ಹಾಲಿಗೆ ಹೆಪ್ಪು ಹಾಕಬೇಕು' ಅಂತ ಎದ್ದು ಹೋದವರು ವಾಪಸ್ ಬರಲೇ ಇಲ್ಲ. ಕೊನೆ ತನಕ ಕೂತಿದ್ದು ನಾನು, ನನ್ನ ಐದು ವರ್ಷದ ಮಗಳು, ಇಬ್ಬರೇ.

ಇನ್ನೊಂದು, ಹೊಸ ಟಿವಿಯಲ್ಲಿ ಚಿತ್ರ ಏನೋ ಜಾರಿ ಜಾರಿ ಹೋದ ಹಾಗೆ ಕಾಣುತ್ತೆ. ಲ್ಯಾಪ್‌ಟಾಪಿನಲ್ಲಿ ಹಾಗಿರಲಿಲ್ಲ. ಟಿವಿಯೇ ಸರಿ ಇಲ್ವಾ?

ಬೇಲೂರು_ಬೈಟು:

ಟಿವಿ ಸರಿಯಾಗೇ ಇದೆ, ಸೆಟ್ಟಿಂಗ್ ಬದಲಾಯಿಸಿ ಅಷ್ಟೇ. ಇದು ಕೈಯಲ್ಲಿ ಬರೆದ ಸಿನಿಮಾ. ಸೆಕೆಂಡಿಗೆ 24 ಫ್ರೇಮ್ ಓಡಿದರೂ ಒಂದೇ ಚಿತ್ರವನ್ನು ಎರಡು ಫ್ರೇಮಿಗೆ, ಕೆಲವು ಕಡೆ ಮೂರು ಫ್ರೇಮಿಗೆ ನಿಲ್ಲಿಸಿರುತ್ತಾರೆ, ಅಂದರೆ ಸೆಕೆಂಡಿಗೆ ಹನ್ನೆರಡೋ ಎಂಟೋ ಚಿತ್ರ. ಈಗಿನ ಟಿವಿಗಳು ಅದು ಸಾಲದು ಅಂತ ನಡುವೆ ತಾವೇ ಚಿತ್ರ ಹುಟ್ಟಿಸಿ ತುಂಬುತ್ತವೆ. ಕ್ರಿಕೆಟ್ಟಿಗೆ ಸರಿ, ಇದಕ್ಕೆ ದಂಡ. ಪಿಕ್ಚರ್ ಸೆಟ್ಟಿಂಗಿನಲ್ಲಿ ಹುಡುಕಿ: ಸ್ಯಾಮ್‌ಸಂಗ್ ಆದರೆ ಆಟೋ ಮೋಷನ್ ಪ್ಲಸ್, ಎಲ್‌ಜಿ ಆದರೆ ಟ್ರೂಮೋಷನ್, ಸೋನಿ ಆದರೆ ಮೋಷನ್‌ಫ್ಲೋ. ಆಫ್ ಮಾಡಿ ಬಿಡಿ.

ಕಡೂರು_ಕೊಬ್ಬರಿ:

ಜಪಾನಿನದ್ದು ಯಾಕೆ ಅಕ್ಕಾ, ಕನ್ನಡದಲ್ಲೇ ಸಿಗೋದು ಹಾಕಿ. 2025ರ 'ಮಹಾವತಾರ ನರಸಿಂಹ' ಕನ್ನಡದಲ್ಲೂ ಬಂದಿದೆ. ಪ್ರಹ್ಲಾದನ ಕತೆ ಅಜ್ಜಿಗೆ ನಾವು ಹೇಳಿಕೊಡಬೇಕಾ? ನಮ್ಮಮ್ಮ ಕೈ ಮುಗಿದುಕೊಂಡು ನೋಡಿದರು.

ಸಕಲೇಶಪುರದ_ಸೊಸೆ:

ಕಡೂರಿನವರೇ, ಅದು ಒಳ್ಳೇದೇ, ಆದರೆ ಕಂಬ ಒಡೆದ ಮೇಲಿನ ಭಾಗ ಐದು ವರ್ಷದ ಮಗುವಿಗೆ ಹೆಚ್ಚಾಯ್ತು. ನಮ್ಮ ಪುಟ್ಟ ಸೋಫಾದ ಹಿಂದೆ ಹೋಗಿ ಕೂತಿದ್ದ. ಅಲ್ಲದೆ ಅವರು ಕೇಳಿದ್ದು ತಮಗೆ ಇಷ್ಟವಾದದ್ದನ್ನು ತೋರಿಸೋದು ಹೇಗೆ ಅಂತ.

ಮಳೆಹುಳ ಅವರೇ, ಸಬ್‌ಟೈಟಲ್ ಓದೋದು ನಿಲ್ಲಿಸಿ. ಯಜಮಾನರ ಕೈಗೆ ಹಲಸಿನ ಹಪ್ಪಳದ ತಟ್ಟೆ ಕೊಡಿ, ಬಾಯಿ ಬಿಜಿ ಇರಲಿ. ನಾನು ನಮ್ಮತ್ತೆಗೆ ಮಾಡಿದ್ದು ಹೀಗೆ. ಮಧ್ಯಾಹ್ನ ಬೆಳ್ಳುಳ್ಳಿ ಸುಲೀತಾ ಕತೆಯ ತಲೆ ಮಾತ್ರ ಹೇಳಿದೆ: ಅಕ್ಕ ತಂಗಿ ಇಬ್ಬರು, ತಾಯಿ ಆಸ್ಪತ್ರೆಯಲ್ಲಿ, ಅಪ್ಪ ಮಕ್ಕಳನ್ನು ಕರಕೊಂಡು ಆಸ್ಪತ್ರೆಗೆ ಹತ್ತಿರವಾಗಲಿ ಅಂತ ಹಳ್ಳಿ ಮನೆಗೆ ಬರ್ತಾನೆ, ಪಕ್ಕದ ಕಾಡಿನ ದೊಡ್ಡ ಮರದಲ್ಲಿ ಏನೋ ಒಂದು ವಾಸ ಮಾಡುತ್ತೆ. ಆ 'ಏನೋ ಒಂದು' ಏನು ಅಂತ ಹೇಳಲಿಲ್ಲ. ರಾತ್ರಿ ಅವರೇ ಬಂದು ಕೂತರು. ದೊಡ್ಡ ಮರದಲ್ಲಿ ಏನೋ ಇರುತ್ತೆ ಅನ್ನೋದನ್ನು ನಮ್ಮ ಕಡೆಯವರಿಗೆ ಅರ್ಥ ಮಾಡಿಸೋದೇನು ಬೇಡ, ಬನದ ಹತ್ತಿರ ಚಪ್ಪಲಿ ಬಿಟ್ಟು ನಡೆಯೋ ಜನ.

ಮಾತಿನ ಮೇಲೆ ನಿಂತ ಸಿನಿಮಾನೂ ಅಲ್ಲ ಅದು. ಜಪಾನೀಸಿನಲ್ಲೇ ಹಾಕಿ, ಅಜ್ಜಿಗೆ ಎರಡೂ ಒಂದೇ. (ಡಿಸ್ನಿಯವರ ಇಂಗ್ಲಿಷ್ ಡಬ್ಬೂ ಕೆಟ್ಟದ್ದಲ್ಲ, ಅಕ್ಕ ತಂಗಿಗೆ ದನಿ ಕೊಟ್ಟಿರೋ ಡಕೋಟಾ, ಎಲ್ ಫ್ಯಾನಿಂಗ್ ನಿಜಕ್ಕೂ ಅಕ್ಕ ತಂಗಿ.) ಇನ್ನೊಂದು ಮುಖ್ಯ ಮಾತು, ಕೊನೇಲಿ ಹೆಸರು ಬರೋವಾಗ ಆಫ್ ಮಾಡಬೇಡಿ. ತಾಯಿ ಮನೆಗೆ ಬರೋದು ಅಲ್ಲೇ.

ಬಣಕಲ್_ಬಾಳೆಕಾಯಿ:

ಮಳೆಗಾಲದಲ್ಲಿ ನೋಡೋದಾದ್ರೆ ಟಿವಿ ಜೊತೆ ವೈಫೈ ಡಬ್ಬಿಯನ್ನೂ ಯುಪಿಎಸ್ ಲೈನಿಗೆ ಹಾಕಿಸಿ. ನಾವು ಟಿವಿಗೆ ಮಾತ್ರ ಹಾಕಿಸಿ ಡಬ್ಬಿ ಮರೆತಿದ್ದೆವು. ಮರ ಬಿದ್ದು ಕರೆಂಟ್ ಹೋಯ್ತು, ಟಿವಿ ಉರೀತಾ ಇದೆ, ಪರದೆ ಮೇಲೆ ಚಕ್ರ ತಿರುಗ್ತಾ ಇದೆ, ಎಂಟು ಜನ ಆ ಚಕ್ರ ನೋಡ್ಕೊಂಡು ಕೂತಿದ್ವಿ. ಸಿನಿಮಾ 86 ನಿಮಿಷವೇ ಇರೋದು, ಬೇಗ ಊಟ ಮುಗಿಸಿ ಶುರು ಮಾಡಿ.

ಮೂಡಿಗೆರೆ_ಮಳೆಹುಳ:

ಎಲ್ಲರಿಗೂ ಥ್ಯಾಂಕ್ಸ್, ಶನಿವಾರ ರಾತ್ರಿ ನೋಡಿದೆವು! ಮೋಷನ್ ಆಫ್ ಮಾಡಿದ ಮೇಲೆ ಚಿತ್ರ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಇದ್ದ ಹಾಗೇ ಆಯ್ತು.

ಅಜ್ಜಿಗೆ ಮೊದಲೇ ಕತೆ ಹೇಳಿದ್ದೆ. ಗದ್ದೆ ಬಂದಾಗ 'ನಾಟಿ ಆಗಿ ಎಷ್ಟು ದಿನ ಆಗಿರಬಹುದು' ಅಂತ ಮಾವನ ಹತ್ತಿರ ಚರ್ಚೆ ಶುರು, ಹಾಗಾಗಿ ಮಾವನೂ ಫೋನ್ ಕೆಳಗಿಟ್ಟರು. ಮಳೆಯಲ್ಲಿ ಬಸ್ ಸ್ಟಾಪಿನ ಜಾಗ ಗೊತ್ತಲ್ಲ, ಅಪ್ಪನ ಬಸ್ಸು ಬಂದಿಲ್ಲ, ತಂಗಿ ಅಕ್ಕನ ಬೆನ್ನ ಮೇಲೆ ನಿದ್ದೆ, ಪಕ್ಕದಲ್ಲಿ ಟೊಟೊರೊ ತಲೆ ಮೇಲೆ ಒಂದು ಎಲೆ ಇಟ್ಕೊಂಡು ಬಂದು ನಿಲ್ಲುತ್ತೆ. ಹೊರಗೂ ಅದೇ ಮಳೆ, ಹೆಂಚಿನ ಮೇಲೆ ಬೀಳೋ ಸದ್ದು ಯಾವುದು, ಟಿವಿ ಸದ್ದು ಯಾವುದು ಗೊತ್ತಾಗ್ತಿರಲಿಲ್ಲ. ಅಜ್ಜಿ ಹೇಳಿದ್ದು: 'ಅಷ್ಟು ದೊಡ್ಡ ಮೈಗೆ ಒಂದು ಕೆಸುವಿನ ಎಲೆ ಸಾಕಾಗುತ್ತೇನೇ? ಆ ಹುಡುಗಿ ಛತ್ರಿ ಕೊಡಬಾರದಾ?' ಅಷ್ಟರಲ್ಲಿ ಅವಳು ಕೊಟ್ಟೇ ಬಿಟ್ಟಳು. ಅಜ್ಜಿ ತಾನೇ ಕೊಡಿಸಿದ ಹಾಗೆ ನಮ್ಮನ್ನೆಲ್ಲ ತಿರುಗಿ ನೋಡಿದರು.

ತಂಗಿ ಕಾಣೆಯಾಗಿ ಕೆರೆಯಲ್ಲಿ ಮಗುವಿನ ಚಪ್ಪಲಿ ಸಿಕ್ಕಾಗ ಅಜ್ಜಿ ಎಲೆ ಅಡಿಕೆ ಅಗಿಯೋದು ನಿಲ್ಲಿಸಿದರು. ಅದು ಅವಳದ್ದಲ್ಲ ಅಂತ ಗೊತ್ತಾಗೋ ತನಕ ಬಾಯಿ ಹಾಗೇ ಇತ್ತು. ಮಾವ ಮಾತ್ರ 'ವಿಲನ್ನೇ ಇಲ್ವಲ್ಲಮ್ಮ' ಅಂತ ಎರಡು ಸಲ ಹೇಳಿದರು. ಹೆಸರು ಬರೋಕೆ ಶುರುವಾಗಿದ್ದೇ ರಿಮೋಟ್ ಎತ್ಕೊಂಡರು, ವಾರ್ತೆ ಹಾಕೋಕೆ. ಅಜ್ಜಿ ಅವರ ಕೈ ಹಿಡಿದು, 'ಇರೋ, ಆ ತಾಯಿ ಮನೆಗೆ ಬರಲಿ' ಅಂದರು.

ಈಗ ಅಜ್ಜಿ ಮುಂದಿನ ಶನಿವಾರಕ್ಕೆ ಏನು ಅಂತ ಕೇಳ್ತಿದ್ದಾರೆ. ಟೊಟೊರೊ ಜೊತೆಗೇ ಅದೇ ಸ್ಟುಡಿಯೋದ ಇನ್ನೊಂದು ಸಿನಿಮಾ ಬಿಡುಗಡೆ ಆಗಿತ್ತಂತಲ್ಲ, ಅದೂ ಅಣ್ಣ ತಂಗಿ ಕತೆಯಂತೆ, ಹಾಕಲಾ?

ಬೇಲೂರು_ಬೈಟು:

ಬೇಡ ಬೇಡ ಬೇಡ! ಅದು ತಕಾಹಾತಾ ಅವರ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್', ಯುದ್ಧದಲ್ಲಿ ಹಸಿವಿನಿಂದ ನರಳೋ ಮಕ್ಕಳ ಕತೆ. 1988ರಲ್ಲಿ ಎರಡನ್ನೂ ಒಟ್ಟಿಗೇ ಬಿಟ್ಟಿದ್ದು ನಿಜ, ಯಾರ ತಲೆಯೋ ಏನೋ. ಅಜ್ಜಿ ಮಗು ಇಬ್ಬರನ್ನೂ ಕೂರಿಸಿಕೊಂಡು ಅದನ್ನು ಮಾತ್ರ ಹಾಕಬೇಡಿ. 'ಕಿಕೀಸ್ ಡೆಲಿವರಿ ಸರ್ವಿಸ್' ಹಾಕಿ. ಅದರಲ್ಲೂ ವಿಲನ್ ಇಲ್ಲ, ಮಾವನಿಗೆ ಮೊದಲೇ ಹೇಳಿಬಿಡಿ.