ಬೆಡ್‌ಸೈಡ್ ಸ್ಕ್ಯಾನ್‌ನಲ್ಲಿ ಬಿ ಲೈನ್: ನ್ಯುಮೋನಿಯಾನಾ, ಹಾರ್ಟಾ? ಅನುಭವ ಇದ್ದವರು ಹೇಳಿ

ಕೊಟ್ಟಿಗೆಹಾರ ಕಡೆಯವ: ಮೂಡಿಗೆರೆ ಕಡೆ ಸಣ್ಣ ಆಸ್ಪತ್ರೆ. ರಾತ್ರಿ ಎಕ್ಸ್‌ರೇಗೆ ಜನ ಇರೋದಿಲ್ಲ. ಈಗ ದಮ್ಮು ಅಂತ ಒಬ್ಬರು ಅಜ್ಜಿ ಅಡ್ಮಿಟ್ ಆಗಿದ್ದಾರೆ. ಎದೆ ಮೇಲೆ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟರೆ ಎರಡೂ ಕಡೆ ಬಿ ಲೈನ್, ಅಂದರೆ ಶ್ವಾಸಕೋಶದ ಅಂಚಿನಿಂದ ಕೆಳಗಿಳಿಯೋ ಬಿಳಿ ಗೆರೆ. ಸಣ್ಣ ಜ್ವರ ಇದೆ, ಕಾಲೂ ಊದಿದೆ. ನ್ಯುಮೋನಿಯಾನಾ, ಹಾರ್ಟ್ ಸೋತು ಶ್ವಾಸಕೋಶಕ್ಕೆ ಬಂದ ನೀರಾ ಅಂತ ನೀವೆಲ್ಲ ಹೇಗೆ ಬೇರೆ ಮಾಡುತ್ತೀರಿ? ಈ ಮೆಷಿನ್ ಬಾಡಿಗೆಯದು, ಸ್ವಂತದ್ದು ತಗೊಳ್ಳಬಹುದಾ?

ಸಕಲೇಶಪುರ ಫಿಸಿಷಿಯನ್: ತಗೊಳ್ಳಿ, ಆದರೆ ಖರ್ಚು ಪೂರ್ತಿ ಕೇಳಿಕೊಂಡು ತಗೊಳ್ಳಿ. ನನ್ನದು ಸೆಕೆಂಡ್ ಹ್ಯಾಂಡ್, ಮೂರೂಕಾಲು ಲಕ್ಷ. ರಿಜಿಸ್ಟ್ರೇಶನ್ 25,000. ಮೊದಲ ಮಳೆಗಾಲಕ್ಕೇ ಕಾನ್ವೆಕ್ಸ್ ಪ್ರೋಬ್ ಕೇಬಲ್ ಹೋಯಿತು, ಡೀಲರ್ ಕೇಳಿದರೆ ವಾರಂಟಿ ಮೆಷಿನ್‌ಗೆ ಮಾತ್ರ, ಪ್ರೋಬ್‌ಗೆ ಇಲ್ಲ ಅಂದ. 85,000 ಕಕ್ಕಿದೆ. ಕರೆಂಟ್ ಕಥೆ ಗೊತ್ತಲ್ಲ, ಯುಪಿಎಸ್‌ಗೆ 18,000 ಬೇರೆ. ಆದರೂ ಪಶ್ಚಾತ್ತಾಪ ಇಲ್ಲ. ಹೊಟ್ಟೆಯ ಪ್ರಿಸೆಟ್‌ನಲ್ಲೇ ಎದೆ ನೋಡಬೇಡಿ, ಹಾರ್ಮೋನಿಕ್ಸ್, ಕಾಂಪೌಂಡ್ ಎರಡನ್ನೂ ಆಫ್ ಮಾಡಿ. ಚಿತ್ರ ಚಂದ ಮಾಡೋಕೆ ಹೋಗಿ ಅವು ಬಿ ಲೈನನ್ನೇ ಒರೆಸಿಬಿಡುತ್ತವೆ. ಪಕ್ಕೆಲುಬಿನ ಒಂದು ಸಂದಿಯಲ್ಲಿ ಮೂರು ಗೆರೆಗಿಂತ ಕಡಿಮೆ ಇದ್ದರೆ ನಾನು ತಲೆ ಕೆಡಿಸಿಕೊಳ್ಳೋದಿಲ್ಲ. ಎರಡೂ ಕಡೆ ತುಂಬಿದ್ದರೆ ಲಾಸಿಕ್ಸ್, ಅದೇ ನೀರು ಇಳಿಸೋ ಮದ್ದು. ಬ್ಲೂ ಪ್ರೋಟೋಕಾಲ್ (ದಮ್ಮಿಗೆ ಕಾರಣವನ್ನು ಅಲ್ಟ್ರಾಸೌಂಡ್‌ನಲ್ಲೇ ಹುಡುಕೋ ಕ್ರಮ) ಓದಿ, 260 ರೋಗಿಗಳಲ್ಲಿ 90.5 ಪರ್ಸೆಂಟ್ ಸರಿಯಾಗಿದೆ.

ಹಾಸನ ರೇಡಿಯಾಲಜಿ: ಈ ಲಾಸಿಕ್ಸ್ ಗಿರಾಕಿಗಳೇ ಕೊನೆಗೆ ನಮ್ಮ ಸಿಟಿ ಟೇಬಲ್ ಮೇಲೆ ಬರೋದು ಸರ್. ವರ್ಷಗಟ್ಟಲೆ ಸೌದೆ ಒಲೆ ಮುಂದೆ ಕೂತ ಒಬ್ಬ ಹೆಂಗಸಿಗೆ ಎಲ್ಲೋ ಯಾರೋ ಬಿ ಲೈನ್ ನೋಡಿ ನೀರು ತೆಗೆದೂ ತೆಗೆದೂ ಕ್ರಿಯಾಟಿನಿನ್ ಏರಿಸಿ, ಅಂದರೆ ಕಿಡ್ನಿಗೆ ಪೆಟ್ಟು ಕೊಟ್ಟು, ಕಳಿಸಿದ್ದರು. ಸಿಟಿಯಲ್ಲಿ ನೋಡಿದರೆ ನೀರಲ್ಲ, ಫೈಬ್ರೋಸಿಸ್, ಶ್ವಾಸಕೋಶವೇ ಗಾಯದ ಕಲೆ ಥರ ಗಟ್ಟಿಯಾಗಿತ್ತು. ಗೆರೆ ಎಣಿಸೋ ಮೊದಲು ಪ್ಲೂರಾ, ಅಂದರೆ ಶ್ವಾಸಕೋಶದ ಹೊರಪೊರೆ, ನೋಡಿ. ಹಾರ್ಟಿನ ನೀರಾದರೆ ಅದು ಸಾಮಾನ್ಯವಾಗಿ ತೆಳ್ಳಗೆ, ನುಣ್ಣಗೆ ಇರುತ್ತದೆ, ಜಾರುತ್ತದೆ. ಸೋಂಕು, ಎಆರ್‌ಡಿಎಸ್ (ಶ್ವಾಸಕೋಶದ ತೀವ್ರ ವೈಫಲ್ಯ), ಫೈಬ್ರೋಸಿಸ್ ಆದರೆ ಒರಟು, ಅಲ್ಲಲ್ಲಿ ತುಂಡು. ಇನ್ನು ನಿಮ್ಮ 90.5: ಲಿಕ್ಟೆನ್‌ಸ್ಟೈನ್ 2008ರ ಆ ಲೆಕ್ಕದಿಂದ ಒಟ್ಟಿಗೆ ಎರಡು ಕಾಯಿಲೆ ಇದ್ದವರನ್ನು ಹೊರಗಿಟ್ಟಿದ್ದರು. ಅದೂ ಐಸಿಯು ಸ್ಟಡಿ.

ಸಕಲೇಶಪುರ ಫಿಸಿಷಿಯನ್: ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಎತ್ತದವರು ಬೆಳಿಗ್ಗೆ ಹತ್ತಕ್ಕೆ ಪಾಠ ಹೇಳೋದು ಸುಲಭ.

ಹಾಸನ ರೇಡಿಯಾಲಜಿ: ನಿಮ್ಮ ಫೋನ್ ನನಗೆ ಯಾವತ್ತು ಬಂದಿತ್ತು ಹೇಳಿ ನೋಡೋಣ.

ನೈಟ್ ಡ್ಯೂಟಿ ಮೇಡಂ: ನಿಮ್ಮ ಜಗಳ ಇರಲಿ. ನನ್ನ ಕೇಸು ಬೇರೆ. ಬೀಡಿ ಸೇದೋ ತಾತ, ಬಲಗಡೆ ಸ್ಲೈಡಿಂಗ್ ಇಲ್ಲ (ಉಸಿರಾಡಿದರೂ ಪ್ಲೂರಾ ಜಾರುತ್ತಿಲ್ಲ), ಎಂ ಮೋಡ್‌ನಲ್ಲಿ ನೀಟಾಗಿ ಬಾರ್‌ಕೋಡ್ ಥರ ಗೆರೆ, ನ್ಯುಮೋಥೊರಾಕ್ಸ್ (ಶ್ವಾಸಕೋಶದ ಹೊರಗೆ ಗಾಳಿ ತುಂಬಿದ್ದು) ಥರ. ಸೀನಿಯರ್ ಗಾಳಿ ತೆಗೆಯೋಕೆ ಎದೆಗೆ ಟ್ಯೂಬ್ ಹಾಕು ಅಂತ ಕೂಗಾಡಿದರು. ಆಕ್ಸಿಜನ್‌ನಲ್ಲಿ ಸ್ಟೇಬಲ್ ಇದ್ದರು, ಅದಕ್ಕೇ ನಾನು ಹಾಕಲಿಲ್ಲ. ಪಕ್ಕಕ್ಕೆ, ಹಿಂದಕ್ಕೆ ಹುಡುಕಿದೆ, ನ್ಯುಮೋಥೊರಾಕ್ಸ್ ಖಾತ್ರಿ ಮಾಡೋ ಲಂಗ್ ಪಾಯಿಂಟ್ (ಜಾರೋ ಜಾಗ, ಜಾರದ ಜಾಗ ಸೇರೋ ಕಡೆ) ಸಿಗಲೇ ಇಲ್ಲ. ಸಿಟಿಗೆ ಕಳಿಸಿದರೆ ದೊಡ್ಡ ಬುಲ್ಲಾ, ಶ್ವಾಸಕೋಶದೊಳಗಿನ ಗಾಳಿ ಗುಳ್ಳೆ! ಚುಚ್ಚಿದ್ದರೆ ಮುಗೀತಿತ್ತು. ಆಂಬುಲೆನ್ಸ್‌ಗೆ 6,500, ಸಿಟಿಗೆ 4,000 ಆಯಿತು ಅಂತ ಮಗ ನನ್ನ ಮೇಲೇ ರೇಗಿದ. ಸೀನಿಯರ್ ಇವತ್ತಿಗೂ ಸರಿಯಾಗಿ ಮಾತಾಡಲ್ಲ.

ಕೊಟ್ಟಿಗೆಹಾರ ಕಡೆಯವ: ಮೇಡಂ, ಅಜ್ಜಿಗೆ ಸ್ಲೈಡಿಂಗ್ ಇದೆ. ಎಡಗಡೆ ಕೆಳಗೆ ಪ್ಲೂರಾ ಸ್ವಲ್ಪ ಒರಟು, ಅಲ್ಲೇ ಲಿವರ್ ಥರ ಗಟ್ಟಿ ಜಾಗ, ಒಳಗೆ ಉಸಿರಿನ ಜೊತೆ ಓಡಾಡೋ ಬಿಳಿ ಚುಕ್ಕೆ. ಎರಡೂ ಒಟ್ಟಿಗೆ ಇರಬಹುದಾ?

ಬೇಲೂರು ರೋಡ್: ಅಜ್ಜಿ ಇರಲಿ, ಮೆಷಿನ್ ಫಾರಂ ಬಿ (ರಿಜಿಸ್ಟ್ರೇಶನ್ ಸರ್ಟಿಫಿಕೇಟ್) ಯಾರ ಹೆಸರಲ್ಲಿದೆ? ಬಾಡಿಗೆಯದು ಅಂದಿರಲ್ಲ, ಅದಕ್ಕೆ ಕೇಳಿದೆ. ಎದೆ ನೋಡೋದಾದರೂ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆಯೋ ಕಾನೂನು) ಬಿಡಲ್ಲ ಸ್ವಾಮಿ. ನಮ್ಮ ಎರಡನೇ ಕ್ಲಿನಿಕ್‌ಗೆ ಒಂದೇ ಒಂದು ರಾತ್ರಿ ಒಯ್ದಿದ್ದಕ್ಕೆ ಸೀಲ್ ಮಾಡಿದರು. ವಕೀಲರಿಗೆ ಕೊಟ್ಟಿದ್ದೇ 60,000, ಮೆಷಿನ್ ಇನ್ನೂ ಬಟ್ಟೆ ಸುತ್ತಿಕೊಂಡು ಕೂತಿದೆ.

ಹಾಸನ ರೇಡಿಯಾಲಜಿ: ಕಾನೂನು ಹೆಣ್ಣು ಮಗು ಉಳಿಸೋಕೆ ಬಂದಿದ್ದು. ರಿಜಿಸ್ಟರ್ ಆದ ಜಾಗ ಬಿಟ್ಟು ಒಯ್ದರೆ ಸೀಲ್ ಮಾಡದೆ ಹಾರ ಹಾಕ್ತಾರಾ?

ಬೇಲೂರು ರೋಡ್: ನ್ಯುಮೋನಿಯಾದಲ್ಲಿ ಲಿಂಗ ಪತ್ತೆ ಮಾಡೋ ವಿದ್ಯೆ ನನಗಂತೂ ಬರಲ್ಲ. ಸ್ಕ್ಯಾನ್ ಮಾಡೋಕೆ ಆರು ತಿಂಗಳ ಟ್ರೈನಿಂಗ್ ಬೇಕು ಅನ್ನೋ ನಿಯಮ ಬಂದಾಗಲಿಂದ ನಿಮ್ಮವರಿಗೇ ಹಬ್ಬ.

ಸಕಲೇಶಪುರ ಫಿಸಿಷಿಯನ್: ನಾನೂ ಅದನ್ನೇ ಹೇಳೋದು.

ನೈಟ್ ಡ್ಯೂಟಿ ಮೇಡಂ: ಕೊಟ್ಟಿಗೆಹಾರ ಸರ್, ಎರಡೂ ಇರಬಹುದು. ಒಳಗೆ ಚುಕ್ಕೆ ಓಡಾಡ್ತಿದೆ ಅಂದರೆ ನ್ಯುಮೋನಿಯಾ ಕಡೆಗೇ ವಾಲುತ್ತೆ. ಆಂಟಿಬಯಾಟಿಕ್ ಶುರು ಮಾಡಿ, ಬೆಳಿಗ್ಗೆ ಎಕೋಗೆ (ಹಾರ್ಟಿನ ಸ್ಕ್ಯಾನ್‌ಗೆ) ಕಳಿಸಿ. ಇವರಿಬ್ಬರಿಗೆ ಕಾಯಬೇಡಿ.

ಹಾಸನ ರೇಡಿಯಾಲಜಿ: ಎಕ್ಸ್‌ರೇನೂ ತೆಗೆಸಿ. "ನಿಮ್ಮವರು" ಅಂದಿದ್ದು ಯಾರಿಗೆ?