ಸಹಾಯ ಬೇಕು: ಕಲಕುವ ನೀರಿನಲ್ಲಿ ಗುಳ್ಳೆ ಯಾವಾಗ ಬಿಡುತ್ತದೆ?

ಎಲ್ಲರಿಗೂ ನಮಸ್ಕಾರ. ಲೋಹದ ತಟ್ಟೆಗೆ ಅಂಟಿದ ಗಾಳಿಗುಳ್ಳೆ ಎಷ್ಟು ದೊಡ್ಡದಾದಾಗ ಬಿಡುತ್ತದೆ ಅಂತ ಲೆಕ್ಕ ಹಾಕುತ್ತಿದ್ದೇನೆ. ನಿಂತ ನೀರಿನದು ಸಲೀಸು. ಮೇಲ್ಮೈ ಎಳೆತ ಗುಳ್ಳೆಯ ಬುಡವನ್ನು ಹಿಡಿದಿರುತ್ತದೆ, ತೇಲುವ ಬಲ ಮೇಲಕ್ಕೆ ಎಳೆಯುತ್ತದೆ. ಗುಳ್ಳೆ ಬೆಳೆದಂತೆ ಬುಡದ ಮೇಲೆ ಕತ್ತು ಸಣ್ಣದಾಗುತ್ತಾ ಬಂದು ಕಡಿಯುತ್ತದೆ. ಬಿಡುವಾಗ ಗುಳ್ಳೆ ಎಷ್ಟು ದೊಡ್ಡದಿರುತ್ತದೆ ಅಂತ ಹೇಳುವ 1935ರ ಫ್ರಿಟ್ಜ್ ಸೂತ್ರದಲ್ಲಿ ಸಂಪರ್ಕ ಕೋನ (ಗುಳ್ಳೆಯ ಅಂಚು ತಟ್ಟೆಗೆ ತಾಗುವಲ್ಲಿ ನೀರಿನ ಕಡೆಯಿಂದ ಅಳೆಯುವ ಕೋನ) 45 ಡಿಗ್ರಿ ಹಾಕಿದರೆ, ಶುದ್ಧ ನೀರಿಗೆ ವ್ಯಾಸ ಸುಮಾರು 2.5 ಮಿಲಿಮೀಟರ್ ಬರುತ್ತದೆ. ಕೋನ ಜಾಸ್ತಿಯಾದರೆ ಗುಳ್ಳೆಯೂ ದೊಡ್ಡದು.

ತೊಡಕು ಇರುವುದು ಕಲಕುವ ನೀರಿನಲ್ಲಿ. ಸುಳಿಗಳು ಗುಳ್ಳೆಯನ್ನು ಪಕ್ಕಕ್ಕೆ ವಾಲಿಸಿ ಅಲುಗಾಡಿಸುತ್ತವೆ. ಹಾಗಾಗಿ ಚಿಕ್ಕದಿರುವಾಗಲೇ ಕಿತ್ತುಬರುತ್ತದೆ. ಸುಮ್ನೆ ಸರಾಸರಿ ವೇಗ ಹಾಕಿದರೆ ಸಾಲದು ಅಲ್ವಾ? ತಟ್ಟೆಗೆ ತೀರಾ ಹತ್ತಿರ ವೇಗದಲ್ಲಿ ಆಗುವ ಏರಿಳಿತವನ್ನು ಬಲದ ಲೆಕ್ಕಕ್ಕೆ ಸೇರಿಸುವುದು ಹೇಗೆ? ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ. ಒರಟು ಅಂದಾಜು ಸಿಕ್ಕರೂ ನನಗೆ ದೊಡ್ಡ ಉಪಕಾರ.